ಅವಲಕ್ಕಿ ಹಾಕಿ ಕರೆದ ಕಾಗೆ

ನಾನು ಚಿಕ್ಕವನಿದ್ದಾಗ ಅಕ್ಕ ಸುಮ್ಮನೆ ಕುಳಿತದ್ದನ್ನು ನೋಡಬೇಕೆಂದರೆ ಕಾಗೆ ಬರಬೇಕಿತ್ತು.

ಶೆಟ್ಟಿಕೊಪ್ಪದ ಆ ಮನೆಯಲ್ಲಿ ನಾವು ಮೂರೇ ಜನ. ನನ್ನನ್ನು ಹೆತ್ತ ವರ್ಷವೇ ಅಮ್ಮ ತೀರಿಕೊಂಡಿದ್ದಳು. ಅಕ್ಕನಿಗೆ ಹದಿನಾರು, ನನಗೆ ಏಳು. ಗದ್ದೆಗೆ ಹೊರಡುವಾಗ ಅಪ್ಪ ಮೆಟ್ಟಿಲ ಮೇಲೆ ನಿಂತು ಒಂದೊಂದೇ ಕೆಲಸ ಹೇಳುತ್ತಿದ್ದ. "ಕರು ಕಟ್ಟು. ಬಚ್ಚಲೊಲೆಗೆ ಬೆಂಕಿ ಹಾಕು. ಭತ್ತ ಒಣಗ್ಸು, ಕೋಳಿ ನೋಡ್ಕೊ." ಅಕ್ಕ ಹೂಂ ಎನ್ನುತ್ತಿರಲಿಲ್ಲ. ಅವನು ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಕೆಲಸ ಆಗಿರುತ್ತಿತ್ತು. ಅವಳ ಕೈಗೆ ಯಾವಾಗಲೂ ಬೂದಿಯ, ಸಗಣಿಯ ವಾಸನೆ.

ತಿಂಗಳಿಗೊಮ್ಮೆ ಮಾತ್ರ ಮೂರು ದಿನ ಅವಳು ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿ ಕೂರುತ್ತಿದ್ದಳು. ಯಾರೂ ಅವಳನ್ನು ಮುಟ್ಟುವಂತಿರಲಿಲ್ಲ. ಅಪ್ಪ ಅಡಿಗೆ ಮಾಡುತ್ತಿದ್ದ. ಯಾಕೆ ಎಂದು ಕೇಳಿದರೆ "ಕಾಗೆ ಮುಟ್ಟಿದೆ" ಎನ್ನುತ್ತಿದ್ದರು. ಹೆಂಗಸರ ಮುಟ್ಟಿನ ದಿನಗಳನ್ನು ದೊಡ್ಡವರು ಮಕ್ಕಳಿಗೆ ಹೀಗೆ ಹೇಳುತ್ತಿದ್ದರು. ನಾನು ನಿಜವಾದ ಕಾಗೆ ಎಂದೇ ನಂಬಿದ್ದೆ.

ಚಳಿಗಾಲದ ಒಂದು ಬೆಳಗ್ಗೆ ಬಾವಿಕಟ್ಟೆಯ ಹತ್ತಿರ ಪಾತ್ರೆ ತಿಕ್ಕುತ್ತ ತಿಕ್ಕುತ್ತಲೇ ಅಕ್ಕ ತೂಕಡಿಸಿದಳು. ಕೈಯಿಂದ ತಂಬಿಗೆ ಜಾರಿತು, ಅವಳಿಗೆ ಎಚ್ಚರವಾಗಲಿಲ್ಲ. ನಾನು ಒಳಗಿನಿಂದ ಒಂದು ಹಿಡಿ ಅವಲಕ್ಕಿ ತಂದು ಅವಳ ಸೆರಗಿನ ಮೇಲೆ ಚೆಲ್ಲಿ, ಕಾ ಕಾ ಎಂದು ಕೂಗಿದೆ. ಕಾಗೆ ಕುಪ್ಪಳಿಸುತ್ತ ಬಂತು. ಸೆರಗು ಕುಕ್ಕಿತು. ಹಾರುವಾಗ ಅದರ ರೆಕ್ಕೆ ಅಕ್ಕನ ಬೆನ್ನಿಗೆ ತಾಗಿತು.

"ಅಪ್ಪ, ಅಕ್ಕನ್ನ ಕಾಗೆ ಮುಟ್ತು" ಎಂದು ಓಡಿದೆ.

ಅಪ್ಪ ಮಸೆಯುತ್ತಿದ್ದ ಕತ್ತಿಯನ್ನು ಕೆಳಗಿಟ್ಟು, ಏನೂ ಕೇಳದೆ ಅಡಿಗೆಮನೆಗೆ ಹೋದ. ಇಂಥದ್ದನ್ನು ಗಂಡಸರು ಕೇಳುತ್ತಿರಲಿಲ್ಲ. ಅಕ್ಕ ನನ್ನನ್ನು ನೋಡಿದಳು, ಪಾತ್ರೆಗಳ ರಾಶಿಯನ್ನು ನೋಡಿದಳು. ಸುಳ್ಳು ಎನ್ನುತ್ತಾಳೆಂದು ನಾನು ಹೆದರಿದ್ದೆ. ಅವಳು ಕೈ ತೊಳೆದುಕೊಂಡು ಚಾಪೆ ಹಾಸಿದಳು.

ಬಿಸಿಲು ಕಟ್ಟೆಯಿಂದ ಇಳಿಯುವವರೆಗೆ ಮಲಗಿದಳು. ಎದ್ದು ಕೇಳಿದಳು, "ಗೊರಕೆ ಹೊಡೆದ್ನಾ?"

"ಹೂಂ. ಎಮ್ಮೆ ಹಂಗೆ."

"ದೊಡ್ಡ ಮನುಷ್ಯ ನೀನು, ಮಾರಾಯ."

ಆಮೇಲೆ ಚನ್ನೆಮಣೆ ಆಡಿದೆವು. ಅವಳು ಮುಟ್ಟುವಂತಿಲ್ಲವಲ್ಲ, ಯಾವ ಗುಳಿಯ ಕಾಯಿ ಎಂದು ದೂರದಿಂದಲೇ ಹೇಳುತ್ತಿದ್ದಳು. ಇಬ್ಬರ ಕಾಯನ್ನೂ ನಾನೇ ನಡೆಸುತ್ತಿದ್ದೆ. "ದೂರ ಕೂತಿದೀನಿ ಅಂತ ಮೋಸ ಮಾಡ್ತೀಯಾ, ಕಳ್ಳ" ಎಂದು ನಕ್ಕಳು. ಅವಳ ಹಲ್ಲುಗಳಲ್ಲಿ ಒಂದು ಸೊಟ್ಟಗಿದೆ ಎಂದು ನನಗೆ ಗೊತ್ತಾದದ್ದು ಆ ದಿನವೇ.

ಮರುದಿನ ಮಧ್ಯಾಹ್ನ ಅಪ್ಪ ಉಪ್ಪಿಲ್ಲದ ಗಂಜಿ ಬಡಿಸುತ್ತ ಗೊಣಗಿದ. "ಹೋದ ವಾರ ಬಂದಿತ್ತು. ಈ ಕಾಗೆಗೆ ಬೇರೆ ಮನೆ ಇಲ್ವಾ?"

"ಅದಾಗೇ ಬರ್ಲಿಲ್ಲ ಅಪ್ಪ. ನಾನೇ ಅವಲಕ್ಕಿ ಹಾಕಿ ಕರ್ದೆ" ಎಂದೆ, ಹೆಮ್ಮೆಯಿಂದ.

ಅಪ್ಪ ಸೌಟು ಇಟ್ಟು ಹೊರಗೆ ಹೋದ. "ಏಳು" ಎಂದ. ಅಕ್ಕ ಎದ್ದಳು. "ಮೈಗಳ್ಳಿ" ಎಂದ. ಹೊಡೆಯಲಿಲ್ಲ, ಕೂಗಾಡಲಿಲ್ಲ. ಅದೊಂದೇ ಮಾತು. ಅಕ್ಕ ಚಾಪೆ ಸುತ್ತಿಟ್ಟು ಹಿಂದಿನ ದಿನದ ಪಾತ್ರೆಗಳನ್ನು ತಿಕ್ಕಲು ಕುಳಿತಳು. ಮುಗಿಯದ ಚನ್ನೆಮಣೆ ಆಟ ಹಾಗೇ ಉಳಿಯಿತು.

ಅವಳು ಮದುವೆಯಾಗಲಿಲ್ಲ. ಅಪ್ಪನ ಮನೆ ನನ್ನ ಮನೆಯಾಯಿತು, ನನ್ನ ಮಕ್ಕಳೂ ಅವಳ ಕೈಯಲ್ಲೇ ಬೆಳೆದರು. ಹೊರಗೆ ಕೂರುವ ಪದ್ಧತಿ ನಿಂತಿತು. ನಿಲ್ಲಬೇಕಾದದ್ದೇ, ಆ ಚಳಿಯಲ್ಲಿ ಹೊರಗೆ ಮಲಗಿಸುವುದು ಒಳ್ಳೆಯದಾಗಿರಲಿಲ್ಲ. ಆದರೆ ಆ ಮೂರು ದಿನವನ್ನು ಬಿಟ್ಟು ನಾವು ಅವಳಿಗೆ ಬೇರೆ ಬಿಡುವನ್ನೇ ಕೊಟ್ಟಿರಲಿಲ್ಲ. ನಾನು ಅವಳಿಗೆ ಏಳು ಎಂದು ಎಂದೂ ಹೇಳಲಿಲ್ಲ. ಕೂತುಕೋ ಎಂದೂ ಹೇಳಲಿಲ್ಲ.

ಕಳೆದ ತಿಂಗಳು ಅಕ್ಕ ತೀರಿಕೊಂಡಳು. ಹತ್ತನೆಯ ದಿನ ಹೊಳೆ ದಡದಲ್ಲಿ ಎಲೆಯ ಮೇಲೆ ಅನ್ನವಿಟ್ಟು ಕಾಗೆಗೆ ಕಾದೆವು. ಪಕ್ಕದಲ್ಲಿ ಮೊಮ್ಮಗಳು ಫೋನಿನಲ್ಲಿ ಆ ವಾರದ ಕೆಲಸಗಳ ಪಟ್ಟಿ ನೋಡುತ್ತಿದ್ದಳು. ಭಾನುವಾರದ ಎದುರು ಅವಳು 'ರೆಸ್ಟ್' ಎಂದು ಬರೆದುಕೊಳ್ಳುತ್ತಾಳೆ. ಅದಕ್ಕೆ ಸುಳ್ಳು ಹೇಳಬೇಕಿಲ್ಲ, ಯಾರೂ ಅವಳನ್ನು ಮೈಗಳ್ಳಿ ಎನ್ನುವುದಿಲ್ಲ. ಮಕ್ಕಳೇ, ನಿಮ್ಮ ಭಾನುವಾರಗಳನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ. ಸಿಟ್ಟು ನಿಮ್ಮ ಮೇಲಲ್ಲ.

"ಅಜ್ಜ, ಕಾಗೆ ಮುಟ್ತು" ಎಂದಳು ಮೊಮ್ಮಗಳು. ಆ ಮಾತಿಗೆ ಇನ್ನೊಂದು ಅರ್ಥವಿತ್ತೆಂದು ಅವಳಿಗೆ ಗೊತ್ತಿಲ್ಲ.

ಕಾಗೆ ನಿಧಾನವಾಗಿ ತಿಂದಿತು. ಈ ಸಲ ಏಳು ಎನ್ನಲು ಯಾರೂ ಬರಲಿಲ್ಲ.