ಕ್ಯಾಂಪರ್ ಅಂದರೆ ಯಾರು

ಒಂದು ಕಡೆ ಸುಮ್ಮನೆ ಕೂರುವುದು ನನಗೆ ಹುಟ್ಟಿನಿಂದಲೇ ಬಂದಿಲ್ಲ. ಹೊಸಪೇಟೆಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಸರ್ವಿಸ್ ಕೌಂಟರಿನ ಕೆಲಸ ನನ್ನದು. ಕುರ್ಚಿ ಕೊಟ್ಟಿದ್ದಾರೆ, ನಾನು ನಿಂತೇ ಇರುತ್ತೇನೆ. ಊಟ ಮಾಡುವಾಗ ಕಾಲು ಅಲ್ಲಾಡಿಸುತ್ತೇನೆ, ಫೋನಿನಲ್ಲಿ ಮಾತಾಡುವಾಗ ಅಂಗಳದ ಟ್ರ್ಯಾಕ್ಟರುಗಳ ಸುತ್ತ ಗಿರಕಿ ಹೊಡೆಯುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಅಮ್ಮ ಬೈಯುತ್ತಾಳೆ. ಸಿಟ್ಟೂ ಹಾಗೆಯೇ, ಮೂಗಿನ ತುದಿಯಲ್ಲೇ ಇರುತ್ತದೆ. ಇಂಥವಳು ಮೊಬೈಲಿನಲ್ಲಿ ಗುಂಡು ಹಾರಿಸುವ ಆಟಕ್ಕೆ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವೆಂದರೆ, ಆ ಆಟದಲ್ಲಿ ಮಾತ್ರ ನಾನು ಅಲುಗಾಡದೆ ಇರಬಲ್ಲೆ. ಯಾವುದಾದರೂ ಮನೆಯ ಮಹಡಿ ಹತ್ತಿ, ಮೆಟ್ಟಿಲಿಗೆ ಗುರಿಯಿಟ್ಟು, ಉಸಿರು ಬಿಗಿಹಿಡಿದು ಕಾಯುತ್ತೇನೆ. ಹತ್ತಿ ಬಂದವನ ಕತೆ ಅಲ್ಲಿಗೆ ಮುಗಿಯುತ್ತದೆ.

ಆಟದಲ್ಲಿ ನಾಲ್ಕು ಜನರ ತಂಡ. ಒಂದು ದ್ವೀಪಕ್ಕೆ ಹಲವು ತಂಡಗಳು ಇಳಿಯುತ್ತವೆ, ಕೊನೆಗೆ ಉಳಿದದ್ದು ಗೆದ್ದಂತೆ. ನನ್ನನ್ನು ತಂಡಕ್ಕೆ ಸೇರಿಸಿದವನು ಶೋರೂಮಿನಲ್ಲೇ ಬಿಡಿಭಾಗ ಮಾರುವ ಸಹೋದ್ಯೋಗಿ. ಮೂರನೆಯವಳು ಹಂಪಿಯ ಒಂದು ಗೆಸ್ಟ್ ಹೌಸಿನ ಲೆಕ್ಕ ನೋಡುವ ಹುಡುಗಿ, ನೆಟ್‌ವರ್ಕಿಗಾಗಿ ಟೆರೇಸ್ ಹತ್ತಿ ಆಡುತ್ತಿದ್ದಳು. ನಾಲ್ಕನೆಯವರು, ನಮ್ಮ ಮುಖಂಡರು, ಸಂಡೂರಿನಲ್ಲಿ ಅದಿರಿನ ಲಾರಿ ತೂಗುವ ವೇಬ್ರಿಡ್ಜಿನವರು. ವಯಸ್ಸಿನಲ್ಲಿ ನಮಗಿಂತ ಹಿರಿಯರಾದ್ದರಿಂದ ಅಣ್ಣ ಅನ್ನುತ್ತಿದ್ದೆವು. ಹಂಪಿಯವಳನ್ನಾಗಲಿ ಸಂಡೂರಿನವರನ್ನಾಗಲಿ ನಾನು ಕಣ್ಣಾರೆ ಕಂಡಿರಲಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಕಿವಿಯೊಳಗೆ ಬರುವ ದನಿಗಳಷ್ಟೇ ಅವರು.

ಆಟ ಕಲಿಯುವುದಕ್ಕಿಂತ ಆಟದ ಮಾತು ಕಲಿಯುವುದೇ ನನಗೆ ಕಷ್ಟವಾಯಿತು. ಸೇರಿದ ಹೊಸತರಲ್ಲಿ ಅಣ್ಣ ಒಮ್ಮೆ, "ಮುಂದಿನ ಮನ್ಯಾಗ ನಾಕ್, ನಾಕ್, ಜಲ್ದಿ ಬರ್ರಿ" ಎಂದು ಕೂಗಿದರು. ನಮ್ಮ ಕಡೆ ನಾಕು ಅಂದರೆ ನಾಲ್ಕು. ಮನೆಯೊಳಗೆ ನಾಲ್ಕು ಜನ ಬಂದೂಕು ಹಿಡಿದು ನಿಂತಿದ್ದಾರೆ ಅಂದುಕೊಂಡು ನಾನು ದಿಕ್ಕು ತಪ್ಪಿ ಓಡಿ ಗುಡ್ಡದ ಹಿಂದೆ ಅವಿತುಕೊಂಡೆ. ಅಲ್ಲಿದ್ದವನು ಒಬ್ಬನೇ, ಅವನೂ ಪೆಟ್ಟು ತಿಂದು ನೆಲದ ಮೇಲೆ ತೆವಳುತ್ತಿದ್ದ. ಗುದ್ದಾಟದ ಅಖಾಡದಲ್ಲಿ ಹೊಡೆತಕ್ಕೆ ಮಲಗಿಬಿಡುವುದಕ್ಕೆ ಹೇಳುವ ನಾಕೌಟಿನ ನಾಕ್ ಅದು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ನಾಲ್ಕು ಜನ ಇದ್ದರೆ ಪುಸ್ತಕದ ಕನ್ನಡದಲ್ಲೇ ನಾಲ್ಕು ಅನ್ನಬೇಕು ಎಂದು ಕಾಯ್ದೆಯಾಯಿತು.

ಕ್ಲಚ್ ಅನ್ನುವುದೂ ಹಾಗೆಯೇ ಸತಾಯಿಸಿತು. ಹಗಲೆಲ್ಲ ಕ್ಲಚ್ ಪ್ಲೇಟು ಸುಟ್ಟಿದೆ, ಕ್ಲಚ್ ಜಾರುತ್ತಿದೆ ಎಂಬ ದೂರು ಕೇಳಿ ರೂಮಿಗೆ ಬಂದರೆ, ಇಲ್ಲೂ "ಕ್ಲಚ್ ಮಾಡ್ರಿ ಮೇಡಂ" ಅನ್ನುತ್ತಾರೆ. ಮೂವರು ಸತ್ತು, ಉಳಿದ ಒಬ್ಬರೇ ಎದುರಿನವರನ್ನೆಲ್ಲ ಮುಗಿಸಿ ಆಟ ಉಳಿಸುವುದಕ್ಕೆ ಆ ಹೆಸರಂತೆ. ಹುಡುಕಿ ನೋಡಿದೆ, ಬಿಗಿಯಾಗಿ ಹಿಡಿಯುವುದು ಅದರ ಮೂಲ ಅರ್ಥ. ಕೈಜಾರುವ ಆಟವನ್ನು ಹಿಡಿದು ನಿಲ್ಲಿಸುವುದು ಅಂದುಕೊಂಡೆ. ನೂಬ್ ಅಂದರೆ ಹೊಸಬ, ಅದು ಸುಲಭ. ಜೀಜಿ ಅನ್ನುವುದು ಆಟ ಮುಗಿದ ಮೇಲೆ ಎದುರಾಳಿಗೆ 'ಚೆನ್ನಾಗಿ ಆಡಿದಿರಿ' ಎಂದು ಹೇಳುವ ಮರ್ಯಾದೆಯ ಮಾತು. ಈಗ ಆಟದ ನಡುವೆಯೇ ನಿನ್ನ ಕತೆ ಮುಗಿಯಿತು ಎಂದು ಅಣಕಿಸಲು ಬಳಸುತ್ತಾರೆ. ಅಣ್ಣ ಅದನ್ನು ಹೆಚ್ಚು ಲೋಡು ಹಾಕಿಕೊಂಡು ಬಂದ ಲಾರಿ ಡ್ರೈವರುಗಳಿಗೂ ಅನ್ನುತ್ತಿದ್ದರಂತೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಲೂಟ್. ಖಾಲಿ ಮನೆಗಳಿಗೆ ನುಗ್ಗಿ ಬಂದೂಕು, ಗುಂಡು, ಔಷಧಿ ದೋಚುವುದು. ಇದು ನಮ್ಮ ಲೂಟಿಯೇ. ಈ ದೇಶದಿಂದ ಹಡಗು ಹತ್ತಿ ಇಂಗ್ಲಿಷಿಗೆ ಹೋಗಿ, ಫೋನಿನೊಳಗೆ ಕೂತು ವಾಪಸು ಬಂದಿದೆ. ಇದನ್ನು ಹೇಳಿದಾಗ ಹಂಪಿಯವಳು, ತನ್ನೂರಲ್ಲಿ ಲೂಟಿ ಎಂದೋ ಮುಗಿದಿದೆ, ಬೇರೆ ಊರು ನೋಡಿಕೊಳ್ಳಿ ಅಂದಳು. ಹೀಗೆ ಸಿಕ್ಕ ಪದಗಳ ಜಾತಕ ಬಿಡಿಸುವುದೇ ನನಗೊಂದು ಹುಚ್ಚಾಯಿತು. ಬಸ್ಸಿನಲ್ಲಿ, ಕೌಂಟರಿನಲ್ಲಿ, ಹಾಲು ಕಾಯಿಸುವಾಗ, ಎಲ್ಲೆಂದರಲ್ಲಿ ಹುಡುಕುತ್ತಿದ್ದೆ.

ಆ ತಂಡ ನನಗೆ ಅಷ್ಟು ಪ್ರೀತಿಯದಾಗಲು ಇನ್ನೊಂದು ಕಾರಣವಿತ್ತು. ಅಲ್ಲಿ ಯಾರೂ ನಿಮ್ಮದು ಯಾವ ಊರು, ಯಾರ ಪೈಕಿ ಎಂದು ಕೆದಕುತ್ತಿರಲಿಲ್ಲ. ಒಮ್ಮೆ ಕೇಳಿದಾಗ ಕಂಪ್ಲಿ ಅಂದಿದ್ದೆ, ಅಷ್ಟಕ್ಕೇ ಮುಗಿದಿತ್ತು. ಸುಳ್ಳಲ್ಲ, ಕಂಪ್ಲಿ ತಾಲೂಕೇ. ಆದರೆ ನಮ್ಮದು ಕಂಪ್ಲಿಯಲ್ಲ, ಕಂಪ್ಲಿ ಹತ್ತಿರದ ಒಂದು ಕ್ಯಾಂಪು. ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ಕಾಲುವೆ ಹರಿದಾಗ, ಆಂಧ್ರದ ಕಡೆಯಿಂದ ಬಂದು ಭೂಮಿ ಕೊಂಡು ಡೇರೆ ಹಾಕಿದವರಲ್ಲಿ ನನ್ನ ಅಜ್ಜನೂ ಒಬ್ಬ. ಡೇರೆ ಹೋಗಿ ಗುಡಿಸಲಾಯಿತು, ಗುಡಿಸಲು ಹೋಗಿ ಆರ್‌ಸಿಸಿ ಮನೆಯಾಯಿತು. ಗುಡಿ ಬಂತು, ಶಾಲೆ ಬಂತು, ಅಕ್ಕಿ ಗಿರಣಿ ಬಂತು. ಹೆಸರು ಮಾತ್ರ ಇನ್ನೂ ಕ್ಯಾಂಪು. ನಾಳೆ ಬೆಳಿಗ್ಗೆ ಗಂಟುಮೂಟೆ ಕಟ್ಟಿ ಹೊರಡುವವರ ಹೆಸರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಎರಡೂ ನನ್ನವೇ. ಆದರೂ ಶಾಲೆಯಲ್ಲಿ ಜಗಳ ಬಂದಾಗಲೆಲ್ಲ ನಾನು ಕ್ಯಾಂಪಿನಾಕಿ. ಆ ಪದ ಕೇಳಿದರೆ ಈಗಲೂ ಮೈ ಉರಿಯುತ್ತದೆ.

ಹೊಸಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ಸುತ್ತಲಿನ ಊರುಗಳ ತಂಡಗಳಿಗೆ ಪಂದ್ಯ ಇಟ್ಟಿದ್ದಾರೆ ಎಂದು ಗೊತ್ತಾಗಿ, ನಾವೂ ಹೆಸರು ಕೊಟ್ಟೆವು. ಅಭ್ಯಾಸ ಜೋರಾಯಿತು. ಒಂದು ಸಂಜೆ ನಾನು ಮಹಡಿಯಲ್ಲಿ ಕೂತು ಒಬ್ಬೊಬ್ಬರನ್ನೇ ಉರುಳಿಸುತ್ತಿದ್ದಾಗ ಅಣ್ಣ ನಗುತ್ತಾ ಅಂದರು, "ನಮ್ಮ ಮೇಡಂ ಪಕ್ಕಾ ಕ್ಯಾಂಪರ್ ಬಿಡ್ರಿ."

ನನ್ನ ಸಹೋದ್ಯೋಗಿಯೂ ನಕ್ಕ. ನಾನು ಮೊದಲಿನಿಂದಲೂ ಹಾಗೆಯೇ ಎಂದ.

ಕಂಡಕಂಡ ಪದದ ಅರ್ಥ ಹುಡುಕುತ್ತಿದ್ದ ನಾನು ಇದೊಂದನ್ನು ಹುಡುಕಲಿಲ್ಲ. ಗೊತ್ತಿರುವ ಪದವನ್ನು ಯಾರಾದರೂ ಹುಡುಕುತ್ತಾರೆಯೇ? ಆಟದಿಂದ ಹೊರಬಂದೆ, ತಂಡದ ವಾಟ್ಸಾಪ್ ಗುಂಪಿನಿಂದಲೂ ಹೊರಬಂದೆ.

ಆಮೇಲಿನ ದಿನಗಳಲ್ಲಿ ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ಆಫೀಸಿನ ದಾಖಲೆಯಲ್ಲಿ ನನ್ನ ವಿಳಾಸ ನೋಡಿ ಸಹೋದ್ಯೋಗಿಯೇ ಹೇಳಿರಬೇಕು ಎಂದು ಅವನ ಮೇಲೆ ಹಲ್ಲು ಕಡಿದೆ. ಅವನು ತಂದಿಟ್ಟ ಚಹಾ ಆರಿ ಕೆನೆಗಟ್ಟಿತು, ಮುಟ್ಟಲಿಲ್ಲ. ರಜೆಯ ದಿನ ಕಂಪ್ಲಿ ಬಸ್ಸು ಹತ್ತಿ ಮನೆಗೆ ಹೋದೆ, ಊಟಕ್ಕೂ ಕೂರದೆ ಮುಂದಿನ ಬಸ್ಸಿಗೇ ವಾಪಸು ಬಂದೆ. ಅಮ್ಮ ಏನಾಯಿತೇ ಎಂದು ತೆಲುಗಿನಲ್ಲಿ ಕೇಳಿದರೆ ಕನ್ನಡದಲ್ಲಿ ರೇಗಿದೆ. ಪಂದ್ಯ ತಪ್ಪುತ್ತದೆ ಎಂಬ ಸಂಕಟಕ್ಕಿಂತ, ಇದ್ದ ಒಂದು ಜಾಗವೂ ಹೋಯಿತಲ್ಲ ಎಂಬ ಸಂಕಟ ದೊಡ್ಡದಾಗಿತ್ತು.

ಕೊನೆಗೆ ತಡೆಯಲಾರದೆ ಮಧ್ಯಾಹ್ನ ಸಂಡೂರಿಗೆ ಫೋನು ಮಾಡಿದೆ. ಹಿಂದೆ ಲಾರಿಗಳು ಹಾರನ್ ಹೊಡೆಯುತ್ತಿದ್ದವು.

"ನಾನು ಕ್ಯಾಂಪಿನಾಕಿ ಅಂತ ನಿಮಗ ಯಾರು ಹೇಳಿದ್ರು?" ಎಂದು ನೇರವಾಗಿಯೇ ಕೇಳಿದೆ.

"ಯಾವ ಕ್ಯಾಂಪ್ರಿ?" ಅಂದರು. ಅವರಿಗೆ ತಲೆಬುಡ ತಿಳಿದಿರಲಿಲ್ಲ. ನಾನು ಬಡಬಡಿಸಿದ್ದನ್ನೆಲ್ಲ ಕೇಳಿಸಿಕೊಂಡ ಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಓಡಾಡದೆ ಒಂದೇ ಜಾಗದಲ್ಲಿ ಡೇರೆ ಹಾಕಿದವರಂತೆ ಕೂತು, ಬಂದವರಿಗೆ ಗುಂಡು ಹೊಡೆಯುವವರಿಗೆ ಕ್ಯಾಂಪರ್ ಅನ್ನುತ್ತಾರಂತೆ. ಜಗತ್ತಿನಾದ್ಯಂತ ಆಡುವವರೆಲ್ಲ ಅದನ್ನೇ ಅನ್ನುತ್ತಾರೆ, ಹೇಡಿಗಳ ಆಟವೆಂದು ಬೈಯುತ್ತಾರೆ, ಆದರೆ ನಮ್ಮ ತಂಡ ಇಲ್ಲಿಯವರೆಗೆ ಬಂದದ್ದೇ ನಿಮ್ಮ ಆ ಕೂರುವಿಕೆಯಿಂದ ಅಂದರು. ನನಗೆ ನಗು ಉಕ್ಕಿಬಂತು. ಇಷ್ಟೇನಾ, ಇದಕ್ಕಾಗಿ ಅನ್ನ ನೀರು ಬಿಟ್ಟು ಅಲೆದೆನಾ ಎಂದು ಹಗುರಾದೆ. ಹಾಗೆ ನಗುತ್ತಿರುವಾಗಲೇ ಅವರು ಅಕ್ಕರೆಯಿಂದ ಅಂದರು, "ನೀವು ಕ್ಯಾಂಪಿನವ್ರಂತ ಗೊತ್ತ ಆಗಲಿಲ್ಲ ನೋಡ್ರಿ. ನಿಮ್ಮ ಕನ್ನಡ ಭಾಳ ಚೊಲೋ ಐತಿ."

ನನ್ನ ನಗು ನಿಂತಿತು. ಇಲ್ಲದ ಬೈಗುಳಕ್ಕೆ ಅಷ್ಟು ಕುದಿದ ನಾನು, ಈ ಹೊಗಳಿಕೆಗೆ ಥ್ಯಾಂಕ್ಸ್ ಅಂದೆ. ಥ್ಯಾಂಕ್ಸ್ ಅಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ತಂಡಕ್ಕೆ ಮರಳಿದೆ. ಅಣ್ಣ ಏನು ಹೇಳಿದ್ದರೋ, ಕ್ಯಾಂಪರ್ ಎಂಬ ಮಾತೇ ಮಾಯವಾಗಿತ್ತು. ಹಂಪಿಯವಳು ಒಮ್ಮೆ ಬಾಯಿತಪ್ಪಿ ಅಂದು, ಅಯ್ಯೋ ಸಾರಿ ಅಕ್ಕಾ ಎಂದು ನಾಲಿಗೆ ಕಚ್ಚಿಕೊಂಡಳು. ಅವರು ನನ್ನನ್ನು ಮೊದಲಿಗಿಂತ ಜೋಪಾನವಾಗಿ ನೋಡಿಕೊಳ್ಳುತ್ತಿದ್ದರು. ಮನೆಗೆ ಬಂದ ನೆಂಟರನ್ನು ನೋಡಿಕೊಳ್ಳುತ್ತಾರಲ್ಲ, ಹಾಗೆ. ನನಗೆ ಅದು ಉಸಿರು ಕಟ್ಟಿಸುತ್ತಿತ್ತು.

ಪಂದ್ಯದ ದಿನ ಎಲ್ಲರ ಮುಖ ನೋಡಿದ್ದಾಯಿತು. ಅಣ್ಣ ದನಿಗಿಂತ ಸಣ್ಣ ಆಳು, ಚಪ್ಪಲಿಯ ಅಂಚಿನಲ್ಲಿ ಸಂಡೂರಿನ ಕೆಂಪು ಧೂಳು. ಮಂಟಪದ ವೇದಿಕೆಯಲ್ಲಿ ಯಾರದೋ ಮದುವೆಯ ಹೂವಿನ ಚಪ್ಪರ ಇನ್ನೂ ಬಾಡುತ್ತಿತ್ತು. ಊಟದ ಹಾಲಿನ ಉದ್ದ ಮೇಜುಗಳಿಗೆ ನಮ್ಮನ್ನು ಸಾಲಾಗಿ ಕೂರಿಸಿದ್ದರು. ಕೊನೆಯ ಆಟದಲ್ಲಿ ಹಂಪಿಯವಳೂ ಸಹೋದ್ಯೋಗಿಯೂ ಬೇಗ ಹೋದರು. ನಾನೂ ಅಣ್ಣನೂ ಉಳಿದೆವು, ಎದುರಿಗೆ ಒಂದೇ ತಂಡ. ಅಣ್ಣ ದೂರದ ದಿಬ್ಬದಲ್ಲಿ ಮಲಗಿ ಕಣ್ಣಿಟ್ಟಿದ್ದರು, ನಾನು ಎರಡಂತಸ್ತಿನ ಮನೆಯೊಂದಕ್ಕೆ ಓಡುತ್ತಿದ್ದೆ. ಬಾಗಿಲು ದಾಟಿದಾಗ ಪಕ್ಕದ ಕುರ್ಚಿಯಿಂದ "ಮೇಡಂ, ಮ್ಯಾಲೆ ಕ್ಯಾಂ..." ಎಂದು ಕೇಳಿಸಿತು. ಆಮೇಲೆ ದನಿಯೇ ಇಲ್ಲ. ಅವರು ಬೇರೆ ಪದ ಹುಡುಕುತ್ತಿದ್ದರು. ಸಿಗುವಷ್ಟರಲ್ಲಿ ನಾನು ಅರ್ಧ ಮೆಟ್ಟಿಲು ಹತ್ತಿದ್ದೆ, ಮೇಲೆ ಕಾದು ಕೂತಿದ್ದವನು ನನ್ನನ್ನು ಉರುಳಿಸಿದ. ಅಣ್ಣ ಒಬ್ಬರೇ ಹೆಚ್ಚು ಹೊತ್ತು ತಾಳಲಿಲ್ಲ. ಸೋತೆವು.

ಹೊರಗೆ ಕೈತೊಳೆಯುವ ನಲ್ಲಿಗಳ ಹತ್ತಿರ ನಾನು ಅತ್ತಿಂದಿತ್ತ ಓಡಾಡುತ್ತಿದ್ದೆ. ಅಣ್ಣ ಬಂದು ತಲೆ ತಗ್ಗಿಸಿ ನಿಂತರು.

"ತಪ್ಪಾತ್ರಿ ಮೇಡಂ. ಬಾಯಿಗೆ ಬಂದಿತ್ತು, ನಿಮಗ ಬ್ಯಾಸರ ಆಗಬಾರದು ಅಂತ ನುಂಗಿದೆ."

"ಆ ಮಾತು ಧಾರಾಳ ಅನ್ರಿ ಅಣ್ಣಾ," ಅಂದೆ. "ನನ್ನ ಕನ್ನಡ ಚೊಲೋ ಐತಿ ಅಂತ ಮಾತ್ರ ಅನಬ್ಯಾಡ್ರಿ."

ಅವರಿಗೆ ಅರ್ಥವಾಗಲಿಲ್ಲ. ಹೊಗಳಿದ್ದಲ್ಲವೇ, ಅದರಲ್ಲೇನು ತಪ್ಪು ಎಂದು ಪೆಚ್ಚಾಗಿ ಕೇಳಿದರು. ನಿಮಗೆ ಯಾರಾದರೂ ಹಾಗೆ ಹೊಗಳಿದ್ದಾರೆಯೇ ಅಂದೆ. ಅವರು ನಿಜವಾಗಿಯೂ ಯೋಚಿಸಿದರು.

"ಇಲ್ರಿ. ನನಗ್ಯಾಕ ಅಂತಾರ? ನಾನು ಇಲ್ಲೇ ಹುಟ್ಟಿದಾವ."

"ನಾನೂ ರೀ," ಅಂದೆ.