ದೊಡ್ಡಮ್ಮ ನೋಡಿದ ಗೌರಿ ಹಬ್ಬದ ಸಿನಿಮಾ

ಸಿನಿಮಾ ಗಾಡಿಯ ತಮಟೆ ಸದ್ದು ಕೇಳಿದರೆ ಸಾಕು, ನಮ್ಮ ನಿಂಗಮ್ಮ ದೊಡ್ಡಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಬಯ್ಯುವುದಕ್ಕೆಂದೇ ಬೀದಿಗೆ ಬರುತ್ತಿದ್ದಳು. ರಾಗಿ ಹಿಟ್ಟು ಮೆತ್ತಿದ ಕೈಯನ್ನು ಸೊಂಟಕ್ಕಿಟ್ಟು ನಿಂತಳೆಂದರೆ ತಮಟೆಯವನೂ ಒಂದು ಗಳಿಗೆ ಬಡಿಯುವುದನ್ನು ನಿಲ್ಲಿಸುತ್ತಿದ್ದ. ಹೊಸಕೋಟೆಯ ನಮ್ಮ ಬೀದಿಯಲ್ಲಿ ಅವಳ ಬಾಯಿಗೆ ಹೆದರದವರಿರಲಿಲ್ಲ. ಬೆಳಿಗ್ಗೆ ಬಯ್ದವರ ಮನೆಗೆ ಸಾಯಂಕಾಲ ಸಾರು ಕಳಿಸುವುದೂ ಅವಳ ಪದ್ಧತಿ. ಸಿನಿಮಾದವರಿಗೆ ಮಾತ್ರ ಬರೀ ಬೈಗುಳ.

ಮೊದಮೊದಲು ಅದು ತಮಾಷೆಯ ಬೈಗುಳವಾಗಿತ್ತು. ನಿಜವಾದ ಸಿಟ್ಟು ಹುಟ್ಟಿದ್ದು ಯುದ್ಧದ ಕಾಲದ ಒಂದು ಗೌರಿ ಹಬ್ಬದಲ್ಲಿ. ಮಳೆಗಾಲಕ್ಕೆ ಟೆಂಟು ಕಿತ್ತುಕೊಂಡು ಹೋಗಬೇಕಾದ ಟೂರಿಂಗ್ ಟಾಕೀಸಿನವನು ಆ ವರ್ಷ ಮಳೆ ಕೈಕೊಟ್ಟದ್ದರಿಂದ ಹಬ್ಬಕ್ಕೆಂದೇ ಊರಲ್ಲಿ ಉಳಿದಿದ್ದ. ಹದಿನೈದು ದಿನ ಮುಂಚಿನಿಂದ ಗಾಡಿ ತಿರುಗಿತು. ತಗಡಿನ ತುತ್ತೂರಿಯಲ್ಲಿ ಒಬ್ಬ ಕಿರುಚುತ್ತಿದ್ದ: "ಗೌರಿ ಹಬ್ಬದ ಕಾಣಿಕೆ! ಅಣ್ಣ ತಂಗಿಯರ ಕಣ್ಣೀರಿನ ಕಥೆ! ಸಕುಟುಂಬ ಸಮೇತ ಬನ್ನಿ, ಹೆಂಗಸರಿಗೆಲ್ಲಾ ಗಾಜಿನ ಬಳೆ ಉಚಿತ!"

"ಅಳೋಕೂ ಟಿಕೇಟು ತಗೋಬೇಕೇನಪ್ಪಾ?" ಎಂದಳು ದೊಡ್ಡಮ್ಮ. "ಮನೇಲಿ ಈರುಳ್ಳಿ ಐತೆ, ಹೋಗು."

ಅಣ್ಣ ತಂಗಿಯ ಕಥೆ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ತವರು ನಂದಗುಡಿ. ಅಣ್ಣ ಮುನಿಶಾಮಣ್ಣ, ನಮಗೆಲ್ಲ ಮಾವ, ತನ್ನ ಮಗಳನ್ನು ದೊಡ್ಡಮ್ಮನ ಮಗನಿಗೆ ತಂದುಕೊಳ್ಳಿ ಎಂದು ಕೇಳಿದ್ದ. ದೊಡ್ಡಪ್ಪ ಒಪ್ಪದೆ ಬೇರೆ ಕಡೆ ಸಂಬಂಧ ಮಾಡಿದ. ಅಂದಿನಿಂದ ಮಾವ ಗೌರಿ ಹಬ್ಬಕ್ಕೆ ಬಾಗಿನ ತರುವುದನ್ನು ಬಿಟ್ಟ. ದೊಡ್ಡಮ್ಮ ಕಾಯುವುದನ್ನು ಬಿಡಲಿಲ್ಲ. ಪ್ರತಿ ಹಬ್ಬಕ್ಕೂ ತಲೆಗೆ ನೀರು ಹಾಕಿಕೊಂಡು, ಹೂ ಮುಡಿದು, ಕತ್ತಲಾಗುವವರೆಗೂ ಹೊಸ್ತಿಲ ಹತ್ತಿರವೇ ಏನಾದರೊಂದು ಕೆಲಸ ಇಟ್ಟುಕೊಂಡು ಕೂರುತ್ತಿದ್ದಳು. ಆ ದಿನ ಅವಳ ಬಾಯಿಂದ ಒಂದು ಬೈಗುಳವೂ ಬರುತ್ತಿರಲಿಲ್ಲ.

ಆ ವರ್ಷವೂ ಹಾಗೇ ಕೂತಿದ್ದಳು. ದೀಪ ಹಚ್ಚುವ ಹೊತ್ತಿಗೆ ದೊಡ್ಡಪ್ಪ ಹೆಗಲಿಗೆ ಟವೆಲು ಹಾಕಿಕೊಂಡು ಬಂದು ನಿಂತ. ಮಗ ಸೊಸೆಯೂ ಸೇರಿ ಬೀದಿಗೆ ಬೀದಿಯೇ ಟೆಂಟಿನ ಕಡೆ ಹೊರಟಿತ್ತು.

"ನಿಮ್ಮಣ್ಣ ಬಂದಂಗೇ ಇದೆ. ಏಳೇ, ಬೀಗ ಹಾಕು. ಅಲ್ಲಾದ್ರೂ ಒಬ್ಬ ಅಣ್ಣನ್ನ ನೋಡ್ಕೊಂಡ್ ಬರುವಂತೆ."

"ಇನ್ನೊಂದ್ ಗಳಿಗೆ ನೋಡನ," ಎಂದಳು.

"ಎಲ್ರೂ ಸಂಸಾರ ಕರ್ಕೊಂಡ್ ಹೋಗ್ತಾವ್ರೆ. ನನ್ ಮರ್ಯಾದೆ ತೆಗೀಬೇಡ."

ಅವಳು ಬೀಗ ಹಾಕಿದಳು. ಹೆದರಿ ಅಲ್ಲ, ಹಬ್ಬದ ದಿನ ಜಗಳ ಬೇಡವೆಂದು. ಅವಳು ಜಗಳ ಆಡಬೇಕಾಗಿದ್ದ ದಿನ ಒಂದಿದ್ದರೆ ಅದೇ.

ಟೆಂಟಿನ ಬಾಗಿಲಲ್ಲಿ ಅವಳ ಕೈಗೂ ಎರಡು ಬಳೆ ತೊಡಿಸಿದರು. ಪರದೆಯ ಮೇಲೆ ಒಬ್ಬಳು ತಂಗಿ ಬಾಗಿಲಲ್ಲಿ ನಿಂತು ಅಣ್ಣನಿಗಾಗಿ ಕಾದಳು, ಹಾಡಿದಳು, ಮತ್ತೆ ಕಾದಳು. ಮನೆ ತುಂಬ ಸಾಲು ದೀಪ. ರೇಷನ್ನಿನ ಸೀಮೆಎಣ್ಣೆಗೆ ಬಾಟಲಿ ಹಿಡಿದು ಸಾಲು ನಿಂತು ಬಂದಿದ್ದ ಹೆಂಗಸರು ಬಾಯಿ ಬಿಟ್ಟು ನೋಡಿದರು. ಗಂಡಸರ ಕಡೆಯಿಂದ ಯಾರೋ ಬಿಕ್ಕುವುದು ಕೇಳಿಸಿತು. ತಿರುಗಿ ನೋಡಿದರೆ ನಮ್ಮ ದೊಡ್ಡಪ್ಪ! ಟವೆಲಿನಿಂದ ಮೂಗು ಒರೆಸಿಕೊಳ್ಳುತ್ತ, "ಪಾಪ, ಆ ಹೆಣ್ಣಿಗೆ ಅಣ್ಣ ಬರ್ಲಿಲ್ವಲ್ಲಾ," ಎನ್ನುತ್ತಿದ್ದ. ಈಗ ನೆನೆದರೂ ನನಗೆ ಮೈ ಉರಿಯುತ್ತದೆ. ಸ್ವಂತ ಹೆಂಡತಿಯ ಅಣ್ಣನನ್ನು ದೂರ ಮಾಡಿದವನು ಪರದೆಯ ಮೇಲಿನ ನೆರಳಿಗೆ ಅಣ್ಣ ಬರಲಿಲ್ಲವೆಂದು ಅತ್ತ!

ಕೊನೆಗೆ ಆ ಅಣ್ಣ ಬಾಗಿನದ ಮೊರ ಹಿಡಿದು ಬಂದ. ಟೆಂಟೆಲ್ಲ ಅತ್ತಿತು. ದೊಡ್ಡಮ್ಮ ಅಳಲಿಲ್ಲ. ಪಕ್ಕದಲ್ಲಿದ್ದ ನನಗೆ ಹೇಳಿದಳು: "ಮೇಲೆ ಮುಚ್ಚೋ ಮೊರ ಇಲ್ಲ. ಎರಡು ಬೆರಳಲ್ಲಿ ಎತ್ಕೊಂಡ್ ಬಂದ. ಒಳಗೆ ಏನೂ ಇಲ್ಲ ಕಣೆ."

ಆಟ ಬಿಟ್ಟು ಮನೆಗೆ ಬಂದಾಗ ಜಗಲಿಯ ಮೇಲೆ ಬಾಗಿನವಿತ್ತು. ಒಂದರ ಮೇಲೊಂದು ಮುಚ್ಚಿ ದಾರ ಸುತ್ತಿದ ಎರಡು ಮೊರ. ದೊಡ್ಡಮ್ಮ ಎತ್ತಲು ಹೋದಳು, ಭಾರಕ್ಕೆ ಕೈ ಜಗ್ಗಿತು. ಒಳಗೆ ಹಸಿರು ಸೀರೆ, ಬಳೆ, ಬೆಲ್ಲ, ಬೇಳೆ. ಒಂದು ಹಿಡಿ ಅಕ್ಕಿಗೂ ಪರದಾಡುವ ಆ ದಿನಗಳಲ್ಲಿ ಮೊರದ ತುಂಬ ಅಕ್ಕಿ.

ಎದುರುಮನೆಯಲ್ಲಿ ಹಾಸಿಗೆ ಹಿಡಿದಿದ್ದ ತಿಮ್ಮಜ್ಜನೊಬ್ಬನೇ ಆ ಸಂಜೆ ಬೀದಿಯಲ್ಲಿದ್ದವನು. "ನಿಂಗಮ್ಮಾ, ನಿಂಗಮ್ಮಾ ಅಂತ ಬಾಳ ಹೊತ್ತು ಕೂಗ್ತಿದ್ದ ಕಣವ್ವ. ಕಾಯ್ತಿರ್ತಾಳೆ ಅಂತ ಬಂದೆ ಅಂತ ಅವ್ನಷ್ಟಕ್ಕೆ ಅವ್ನೇ ಅಂದ. ನಾನೂ ಕೂಗಿ ಹೇಳ್ದೆ, ನನ್ ದನಿ ಆಚೆಗೆ ಹೋಗ್ಲಿಲ್ಲ."

ಮಾವ ಮಧ್ಯಾಹ್ನದಿಂದಲೇ ಕೆರೆ ಏರಿಯ ಮೇಲೆ ಕೂತಿದ್ದನಂತೆ. ಬೀದಿಯವರ ಕಣ್ಣಿಗೆ ಬೀಳಲು ನಾಚಿ, ಕತ್ತಲಾಗಲಿ ಎಂದು. ಕಂಡವರು ಮರುದಿನ ಹೇಳಿದರು.

ಮರುದಿನ ಬೆಳಿಗ್ಗೆಯೇ ದೊಡ್ಡಮ್ಮ ಟೆಂಟಿಗೆ ಹೋದಳು. ನಾನು ಹಿಂದೆ ಓಡಿದೆ. ಟಾಕೀಸಿನವನು ನಗುತ್ತ, "ಏನಮ್ಮಾ, ಆಟ ಹಿಡಿಸ್ಲಿಲ್ವಾ?" ಎಂದ.

"ನಿನ್ ಅಣ್ಣ ದಿನಾ ಬರ್ತಾನೆ. ನಮ್ಮಣ್ಣ ಬಂದಿದ್ದು ಒಂದೇ ದಿನ," ಎಂದು ಎರಡು ಬಳೆಯನ್ನೂ ಬಿಚ್ಚಿ ಅವನ ಮುಂದಿಟ್ಟಳು. ಅವನಿಗೆ ಏನೂ ತಿಳಿಯಲಿಲ್ಲ. ಬೇಕಾದರೆ ಇವತ್ತು ಬಿಟ್ಟಿ ನೋಡಿಕೊಂಡು ಹೋಗಿ ಎಂದ. ಅಂಥವರಿಗೆ ಏನೆಂದು ಬಯ್ಯುವುದು?

ಅಲ್ಲಿಂದ ಯಾರದೋ ಗಾಡಿ ಹತ್ತಿ ನಂದಗುಡಿಗೆ ಹೋದೆವು. ಮಾವ ನಡುಮನೆಯಿಂದ ಆಚೆಗೆ ಬರಲಿಲ್ಲ. ಒಳಗಿನಿಂದಲೇ ಒಂದು ಮಾತು ಕೇಳಿದ:

"ಸಿನಿಮಾ ಚೆನ್ನಾಗಿತ್ತಾ?"

ಬೀದಿಗೆಲ್ಲ ಜವಾಬು ಕೊಡುವವಳು ತಲೆ ತಗ್ಗಿಸಿಕೊಂಡು ಹಿಂದಕ್ಕೆ ಬಂದಳು. ಮನೆಗೆ ಬಂದವಳೇ ಆಚಾರಿಯನ್ನು ಕರೆಸಿ ಮುಂಬಾಗಿಲಿನ ಚಿಲಕ ಕೀಳಿಸಿದಳು. ದೊಡ್ಡಪ್ಪ ಕಳ್ಳಕಾಕರು ಎಂದು ಕೂಗಾಡಿದ. "ಇನ್ನೇನೈತೆ ಕದಿಯೋಕೆ?" ಎಂದಳು. ಮತ್ತೆ ಆ ಮನೆಗೆ ಬೀಗ ಬೀಳಲಿಲ್ಲ. ಪ್ರತಿ ಗೌರಿ ಹಬ್ಬಕ್ಕೂ ಅದೇ ಹಸಿರು ಸೀರೆ ಉಟ್ಟು ಹೊಸ್ತಿಲ ಹತ್ತಿರ ಕೂತಳು. ಮಾವ ಬರಲಿಲ್ಲ. ಅವನ ಹಟಕ್ಕೂ ಬೆಂಕಿ ಬೀಳಲಿ ಎನ್ನುತ್ತೇನೆ ನಾನು. ಅವಳು ಮಾತ್ರ ಅಣ್ಣನನ್ನು ಒಂದು ಮಾತೂ ಅನ್ನಲಿಲ್ಲ. ಇದ್ದಬದ್ದ ಬೈಗುಳವೆಲ್ಲ ಆ ಸಿನಿಮಾ ಗಾಡಿಯ ತಲೆಗೆ.

ಸ್ವಾತಂತ್ರ್ಯ ಬಂದ ಮರುವರ್ಷ ಅವಳು ತೀರಿಕೊಂಡಳು. ತವರಿನ ಸೀರೆ ಹೊದಿಸದೆ ಹೆಣ್ಣಿನ ಹೆಣ ಎತ್ತುವಂತಿಲ್ಲ. ನಂದಗುಡಿಗೆ ಹೇಳಿಕಳಿಸಿ ಎಲ್ಲರೂ ಕಾದರು. ಮಧ್ಯಾಹ್ನ ದಾಟಿದ ಮೇಲೆ ಮಾವ ಸೀರೆ ಹಿಡಿದು ಬಂದ. ಜಗಲಿ ಹತ್ತಿ, ಚಿಲಕವಿಲ್ಲದ ಬಾಗಿಲ ಮುಂದೆ ನಿಂತು, "ನಿಂಗಮ್ಮಾ" ಎಂದು ಕರೆದ.

"ಇವತ್ತು ಮನೇಲೇ ಅವ್ಳೆ, ಬಾ ಮಾವ," ಎಂದೆ.