ಹಡಗಿನ ಮೇಲಿಳಿದ ಕುದುರೆ

ನಿಮಗೆ ಯಾವ ಬಗೆಯ ಕಾದಂಬರಿ ಇಷ್ಟ ಎಂದು ಯಾರಾದರೂ ಕೇಳಿದರೆ, ಕೇಳಿದವರ ಮುಖ ನೋಡಿ ಉತ್ತರ ಹೇಳುವ ಚಟ ನನಗಿದೆ. ವಕೀಲರು ಕೇಳಿದರೆ ಸಾಹಸದ ಕಾದಂಬರಿ ಎನ್ನುತ್ತೇನೆ. ಹಡಗು, ದ್ವೀಪ, ಹರಿದ ನಕ್ಷೆ ಇವೆಲ್ಲ ನಾಲ್ಕು ಜನರೆದುರು ಒಪ್ಪಿಕೊಳ್ಳಬಹುದಾದ ಸಾಮಾನುಗಳು. ಮಕ್ಕಳು ಕೇಳಿದರೆ ಮಾಯಾಲೋಕದ ಕಾದಂಬರಿ ಎನ್ನುತ್ತೇನೆ: ಹಾರುವ ಕುದುರೆ, ಮಾತಾಡುವ ಬಾಗಿಲು, ಏಳು ಸುತ್ತಿನ ಕೋಟೆ. ಎರಡೂ ಸುಳ್ಳಲ್ಲ. ಬಿ.ಎ. ಮುಗಿಸಿದವನು ಇಷ್ಟು ಸಣ್ಣ ಪ್ರಶ್ನೆಗೆ ತಡವರಿಸಬಾರದು, ನಿಜ. ಆದರೆ ನನ್ನ ತಡವರಿಕೆಗೆ ಒಂದು ಕಥೆಯಿದೆ, ಮತ್ತು ಆ ಕಥೆಯ ಒಂದು ವಾಕ್ಯದ ಬಗ್ಗೆ ನನಗೆ ಇವತ್ತಿಗೂ ಅನುಮಾನವಿದೆ.

ಸಾಹಸದ ಕಾದಂಬರಿಯನ್ನು ಸರಿಯಾಗಿ ಸವಿಯಬೇಕಾದರೆ ಬಳ್ಳಾರಿಯಲ್ಲಿ ಹುಟ್ಟಬೇಕು. ಬೇಸಿಗೆಯ ಮಧ್ಯಾಹ್ನ ಕೋಟೆಬೆಟ್ಟದ ಬಂಡೆಗಳು ಕಾದು ಗಾಳಿಯೇ ನಡುಗುತ್ತಿರುವಾಗ, ಒದ್ದೆ ಪಂಚೆ ಹೊದ್ದು ಮಲಗಿ, ನೂರಾರು ಮೈಲಿ ಆಚೆಯ ಸಮುದ್ರದ ಬಿರುಗಾಳಿಯನ್ನು ಓದುವ ಸುಖ ಕರಾವಳಿಯವರಿಗೆ ಎಲ್ಲಿಂದ ಬರಬೇಕು? ಮುಂದೆ ಕಾಲೇಜಿಗೆಂದು ಮದರಾಸಿಗೆ ಹೋದಾಗ ನಿಜವಾದ ಸಮುದ್ರವನ್ನೂ ನೋಡಿದೆ. ಚೆನ್ನಾಗಿಯೇ ಇತ್ತು. ನಾನು ಓದಿದ್ದಕ್ಕಿಂತ ಸ್ವಲ್ಪ ಚಿಕ್ಕದು.

ಈ ರುಚಿ ಹತ್ತಿಸಿದವನು ಸಿರುಗುಪ್ಪದ ನನ್ನ ಸೋದರಮಾವ ಬಸಪ್ಪ. ಭತ್ತದ ಗದ್ದೆಯವನು, ಹರಿಗೋಲಿನಲ್ಲಿ ಕೂತು ತುಂಗಭದ್ರೆಯನ್ನು ನೂರು ಸಲ ದಾಟಿದವನು. ರಜೆಯಲ್ಲಿ ನಾನು ಹೋದಾಗಲೆಲ್ಲ ಹಡಗಿನ ಕಥೆ ಓದಿಸಿ ಕೇಳುತ್ತಿದ್ದ, ನಡುನಡುವೆ ಕಥಾನಾಯಕನನ್ನು ತಿದ್ದುತ್ತಲೂ ಇದ್ದ. "ಹಗ್ಗಾ ಹಂಗ ಬಿಗದ್ರ ಉಳಿಯಂಗಿಲ್ಲಲೇ. ಮುಂದ ಓದು, ಬಿಚ್ಚತೈತಿ ನೋಡು." ಬಿಚ್ಚುತ್ತಿತ್ತು ಕೂಡ. ಆದರೆ ಮಾಯೆಯ ಪುಸ್ತಕ ತೆಗೆದರೆ ಎದ್ದು ಹೋಗುತ್ತಿದ್ದ. "ಹಾರೋ ಕುದುರಿಗೆ ಹುಲ್ಲು ಎಲ್ಲಿ ಹಾಕ್ತಾರಲೇ, ಮಾಳಿಗಿ ಮ್ಯಾಗೇನು?"

ಮಾವನಿಗೆ ಎದುರಾಡುವ ಧೈರ್ಯ ಇರಲಿಲ್ಲ, ಆದ್ದರಿಂದ ಉತ್ತರವನ್ನು ಇಲ್ಲಿ ಬರೆಯುತ್ತೇನೆ. ಸಾಹಸದ ಕಾದಂಬರಿಯಲ್ಲಿ ಹಗ್ಗದ ಗುಣ ಬದಲಾಗುವುದಿಲ್ಲ, ಮನುಷ್ಯರ ಮಾತು ಬದಲಾಗುತ್ತದೆ. ಮೊದಲ ಅಧ್ಯಾಯದಲ್ಲಿ ಆಣೆಯಿಟ್ಟ ಸಂಗಾತಿಯೇ ಹತ್ತನೆಯದರಲ್ಲಿ ನಕ್ಷೆ ಕದಿಯುತ್ತಾನೆ. ಮಾಯೆಯ ಕಾದಂಬರಿಯಲ್ಲಿ ಹಗ್ಗ ಹಾವಾಗಬಹುದು, ಹಾವು ರಾಜಕುಮಾರನಾಗಬಹುದು, ಆದರೆ ಕೊಟ್ಟ ಮಾತು ಮಾತ್ರ ಕಲ್ಲಿನಂತೆ ನಿಲ್ಲುತ್ತದೆ. ಅಲ್ಲಿ ರಾಕ್ಷಸ ಕೂಡ ಮಾತಿಗೆ ತಪ್ಪಲಾರ. ನನಗೆ ಎರಡೂ ಬೇಕು. ಹೊಳೆ ದಾಟುವಾಗ ನಂಬಬಹುದಾದ ಹಗ್ಗ, ದಾಟಿದ ಮೇಲೆ ನಂಬಬಹುದಾದ ಮಾತು.

ಇನ್ನು ಕಥೆ. ಎರಡನೆಯ ಮಹಾಯುದ್ಧ ಮುಗಿದ ಹೊಸತು. ನನ್ನ ಬಳಿ ಎರಡು ಪುಸ್ತಕಗಳಿದ್ದವು, ಒಂದು ಹಡಗಿನದು, ಒಂದು ಕುದುರೆಯದು. ಎರಡನ್ನೂ ಓದಿ ಓದಿ ರಟ್ಟು ಹೋಗಿ, ಹೊಲಿಗೆ ಬಿಚ್ಚಿ, ಹದಿನಾರು ಹದಿನಾರು ಪುಟಗಳ ಕಟ್ಟುಗಳಾಗಿ ಉದುರಿದ್ದವು. ಅವನ್ನು ಒಂದೇ ಬಟ್ಟೆಯಲ್ಲಿ ಸುತ್ತಿ ಕೌಲ್‌ಬಜಾರಿನಲ್ಲಿ ರಟ್ಟು ಕಟ್ಟುವ ಒಬ್ಬ ಮುದುಕರಿಗೆ ಕೊಟ್ಟೆ. ಉರ್ದುವಿನಲ್ಲಿ ದೊಡ್ಡ ಓದುಗರು ಅವರು, ಕನ್ನಡದಲ್ಲಿ ಅಂಕಿ ಮಾತ್ರ ಬಲ್ಲವರು. ಎರಡು ಪುಸ್ತಕಗಳ ಅಳತೆ ಒಂದೇ, ಅಕ್ಷರವೂ ಒಂದೇ. ಅವರು ಪುಟದ ಅಂಕಿಗಳನ್ನು ನೋಡಿಕೊಂಡು ಬಲು ಜಾಗ್ರತೆಯಿಂದ ಎರಡು ಸಂಪುಟ ಹೊಲಿದಿಟ್ಟರು. ಒಂದು ಅಂಕಿಯೂ ತಪ್ಪಿರಲಿಲ್ಲ. ಹಡಗಿನ ತೊಂಬತ್ತಾರರ ಮುಂದೆ ಕುದುರೆಯ ತೊಂಬತ್ತೇಳು ಬಂದಿತ್ತು, ಅಷ್ಟೆ.

ನಾನು ಅದನ್ನು ಬಿಡಿಸಿ ನೋಡಲಿಲ್ಲ. ಅಂದು ಕುರುಗೋಡಿಗೆ ಹೆಣ್ಣು ನೋಡಲು ಹೋಗುವ ಅವಸರ. ಒಂದು ಸಂಪುಟವನ್ನು ಚೀಲಕ್ಕೆ ಹಾಕಿಕೊಂಡು ಮಾವನ ಜೊತೆ, ಪೆಟ್ರೋಲು ಸಿಗದ ಆ ಕಾಲದ ಇದ್ದಿಲಿನ ಬಸ್ಸು ಹತ್ತಿದೆ. ತಂದೆಯಿಲ್ಲದ ನನಗೆ ಮಾವನ ಮಾತೇ ಕೊನೆಯ ಮಾತು, ಮತ್ತು ಮಾವ ಹುಡುಗಿಯಿಂದ ಒಂದು ಪುಟ ಓದಿಸದೆ ಯಾವ ಮಾತನ್ನೂ ಆಡುವವನಲ್ಲ. ಹಿಂದೆ ಬೇರೊಂದು ಕಡೆ ನೋಡಿದ ಹುಡುಗಿಯೊಬ್ಬಳು ವಚನಗಳನ್ನು ನಿರರ್ಗಳವಾಗಿ ಓದಿದ್ದಳು, ಪುಸ್ತಕವನ್ನು ತಲೆಕೆಳಗಾಗಿ ಹಿಡಿದು. ಅಂದಿನಿಂದ ಮಾವ ಹೆಣ್ಣಿನ ಮನೆಯ ಪುಸ್ತಕ ನಂಬುತ್ತಿರಲಿಲ್ಲ.

ಹುಡುಗಿ ನೀಲಮ್ಮ ಬಂದು ಚಾಪೆಯ ಮೇಲೆ ಕೂತಳು. ಅವಳು ತಲೆ ಎತ್ತಿದ ಕ್ಷಣದಲ್ಲೇ ಈ ಸಂಬಂಧ ತಪ್ಪಬಾರದು ಎಂದು ನನಗೆ ಅನ್ನಿಸಿತು. ಕಾರಣ ಬರೆಯಲಾರೆ, ಈಗ ಬರೆದರೆ ಕಟ್ಟಿ ಬರೆದಂತಾಗುತ್ತದೆ. ಮಾವ ನನ್ನ ಚೀಲಕ್ಕೇ ಕೈ ಹಾಕಿ ಪುಸ್ತಕ ತೆಗೆದು, ನಡುವೆ ಎಲ್ಲೋ ಬಿಡಿಸಿ ಕೊಟ್ಟ. "ಇಲ್ಲಿಂದ ಓದವಾ ತಂಗಿ."

ಅವಳು ಓದಿದಳು. ಹಡಗಿನಲ್ಲಿ ಕುಡಿಯುವ ನೀರು ತೀರಿತ್ತು. ಮಾವ ತಲೆದೂಗುತ್ತಿದ್ದ. ಎಡಪುಟದ ಕೊನೆಯ ಸಾಲು ಬಂತು: ನಾವಿಕರೆಲ್ಲ ಹಗ್ಗ ಕೈಬಿಟ್ಟು ಮಳೆಮೋಡಕ್ಕಾಗಿ ಆಕಾಶ ನೋಡಿದರು. ಬಲಪುಟದ ಮೊದಲ ಸಾಲನ್ನು ನಾನು ಕೂತಲ್ಲಿಂದಲೇ ಕಂಡೆ: ಕುದುರೆ ರೆಕ್ಕೆ ಮಡಿಚಿಕೊಂಡು ಇಳಿಯಿತು. ನೀಲಮ್ಮ ಒಂದು ಉಸಿರು ತೆಗೆದುಕೊಂಡಳು. ಆಮೇಲೆ ಅದೇ ದನಿಯಲ್ಲಿ, "ಮೊದಲು ಒಂದು ಬಿಳಿ ಚುಕ್ಕೆ ಕಂಡಿತು, ಹತ್ತಿರ ಬಂದಂತೆ ಅದಕ್ಕೆ ಕಾಲು ಮೂಡಿದವು," ಎಂದು ಓದಿ, ಕುದುರೆಯನ್ನು ಇಳಿಸಿದಳು.

ಮಾವ ಕೈ ಎತ್ತಿ ನಿಲ್ಲಿಸಿದ. "ಹಡಗಿನ ಮ್ಯಾಲೆ ಕುದುರಿ ಎಲ್ಲಿಂದ ಬಂತವಾ?"

"ಬರದದ್ದು ಓದೀನ್ರಿ."

"ಓದಾಕ ಬರತೈತೋ, ಇಲ್ಲಾ ಬಾಯಿಗೆ ಬಂದಿದ್ದು ಹೇಳಾಕತ್ತೀಯೋ?"

ಬಾಗಿಲ ಹಿಂದಿನಿಂದ ಅವಳ ಅಜ್ಜಿಯ ದನಿ ಬಂತು. "ಸಮುದ್ರಾ ನೀವು ಕಂಡೀರೇನ್ರಿ ಯಜಮಾನ್ರ? ಅಲ್ಲಿ ಕುದುರಿ ಇಲ್ಲಂತ ಹೆಂಗ ಹೇಳ್ತೀರಿ?"

ಮಾವನ ಕನ್ನಡಕ ಸಿರುಗುಪ್ಪದಲ್ಲಿ ಉಳಿದಿತ್ತು. ಅವನು ಪುಸ್ತಕವನ್ನು ನನ್ನ ಕೈಗಿಟ್ಟ. "ನೀನಽ ನೋಡಿ ಹೇಳಲೇ. ಹಂಗಽ ಐತೇನು?" ನಾನು ನೋಡಿದೆ. ಕುದುರೆ ಇತ್ತು. ಚುಕ್ಕೆ ಇರಲಿಲ್ಲ. ಇಲ್ಲ ಎಂದರೆ ತಲೆಕೆಳಗಾದ ಪುಸ್ತಕದ ಸಾಲಿಗೆ ಈ ಹುಡುಗಿಯೂ ಸೇರಿ, ನಾವು ಮುಂದಿನ ಬಸ್ಸಿಗೆ ಏಳುತ್ತಿದ್ದೆವು. "ಹಂಗಽ ಐತಿ ಮಾವ," ಎಂದೆ. ಹಿರಿಯರೆದುರು ನಾನಾಡಿದ ಸುಳ್ಳುಗಳಲ್ಲಿ ಇಷ್ಟು ಚಿಕ್ಕದೂ ಇಷ್ಟು ಲಾಭದ್ದೂ ಇನ್ನೊಂದಿಲ್ಲ.

ಮಾವ ನನ್ನ ಕೈಯಿಂದ ಪುಸ್ತಕ ತೆಗೆದು ಹುಡುಗಿಗೆ ಮರಳಿ ಕೊಟ್ಟು, "ಮುಂದ ಓದವಾ," ಎಂದ. "ನೀರಿಲ್ಲದ ಹಡಗು. ಆ ಕುದುರಿಗರೆ ಏನು ಕುಡಸ್ತಾರ, ನೋಡೂಣು." ನೀಲಮ್ಮ ಮತ್ತೆ ಹದಿನಾರು ಪುಟ ಓದಿದಳು. ಸಂಬಂಧ ಗಟ್ಟಿಯಾಯಿತು.

ನಾನು ದಿನಚರಿ ಬರೆಯುವವನು, ಏಕೆಂದರೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ಇದನ್ನು ಬರೆಯುವ ಮೊದಲು ಆ ದಿನದ ಹಾಳೆ ತೆಗೆದು ನೋಡಿದೆ: "ಕುರುಗೋಡು. ಬಿಸಿಲು. ಹುಡುಗಿ ಚೆನ್ನಾಗಿ ಓದಿದಳು." ಇಷ್ಟೆ. ಚುಕ್ಕೆಯೂ ಇಲ್ಲ, ಕಾಲೂ ಇಲ್ಲ. ನೀಲಮ್ಮನನ್ನು ಕೇಳಿದರೆ, "ಎಲ್ಲಿ ಚುಕ್ಕಿರಿ? ನಾ ಬರದದ್ದಷ್ಟಽ ಓದೀನಿ. ಅದು ನೀವು ಆಮ್ಯಾಲೆ ಕಟ್ಟಿದ್ದು," ಎಂದು ನಗುತ್ತಾಳೆ. ಆ ವಾಕ್ಯ ಪುಸ್ತಕದಲ್ಲಿಲ್ಲ ಎನ್ನುವುದೊಂದು ಖಚಿತ. ಹಾಗಾದರೆ ನಮ್ಮಿಬ್ಬರಲ್ಲಿ ಒಬ್ಬರು ಅದನ್ನು ಹುಟ್ಟಿಸಿದ್ದೇವೆ. ನಿಜವಾಗಿ ನಡೆಯಿತೇ ಎಂದು ವಿಚಾರಿಸುವ ನಾನು ಸಾಹಸದ ಓದುಗ. ನಡೆಯದಿದ್ದರೂ ಅದನ್ನು ಬಿಡಲೊಲ್ಲದ ನಾನು ಬೇರೆ ಓದುಗ.

ಮೊನ್ನೆ, ಇಷ್ಟು ವರ್ಷಗಳ ಮೇಲೆ, ಎರಡು ಸಂಪುಟಗಳನ್ನೂ ಬಿಚ್ಚಿಸಿ ಹಡಗನ್ನು ಹಡಗಿಗೆ, ಕುದುರೆಯನ್ನು ಕುದುರೆಗೆ ಸೇರಿಸೋಣವೆಂದು ಚೀಲಕ್ಕೆ ಹಾಕಿಕೊಂಡೆ. ರೊಟ್ಟಿ ಬಡಿಯುತ್ತಿದ್ದ ನೀಲಮ್ಮ ಕೈ ನಿಲ್ಲಿಸಿದಳು.

"ಬ್ಯಾಡ್ರಿ. ಹಡಗಿನ್ಯಾಗಿನವ್ರು ಪಾಪ, ಮ್ಯಾಲೆ ನೋಡಿಕೋತ ನಿಂತಾರ. ಕುದುರಿ ಬರದಿದ್ರ ಅವ್ರೇನು ಮಾಡಬೇಕು?"

ಪುಸ್ತಕಗಳನ್ನು ಮರಳಿ ಕಪಾಟಿನಲ್ಲಿಟ್ಟೆ. ಈ ಸಲ ಮಾತ್ರ ತಡಮಾಡಲಿಲ್ಲ. ಆ ರೊಟ್ಟಿ ಬೇಯುವುದರೊಳಗೆ ಅವಳ ಮಾತನ್ನು ಇದ್ದದ್ದು ಇದ್ದ ಹಾಗೆ ದಿನಚರಿಗೆ ಇಳಿಸಿದೆ.